ಪಾಠ ಮನೆಗೆ, ಹೋಮ್‌ವರ್ಕ್ ಶಾಲೆಗೆ: ಫ್ಲಿಪ್ಡ್ ಕ್ಲಾಸ್‌ರೂಮ್ ಮಾಡಲು ಹೊರಟ ಟೀಚರ್ ಮೊದಲು ಏನು ನೋಡಬೇಕು?

ಶಾಲೆಯಲ್ಲಿ ಟೀಚರ್ ಪಾಠ ಮಾಡ್ತಾರೆ, ಮಕ್ಕಳು ಮನೆಗೆ ಹೋಗಿ ಲೆಕ್ಕ ಮಾಡ್ತಾರೆ. ಇದನ್ನು ತಿರುಗಿಸಿ ಹಾಕಿದರೆ ಅದೇ ಫ್ಲಿಪ್ಡ್ ಕ್ಲಾಸ್‌ರೂಮ್. ಪಾಠದ ವಿಡಿಯೋವನ್ನೋ, ಪುಸ್ತಕದ ಎರಡು ಪುಟವನ್ನೋ ಮಕ್ಕಳು ಮೊದಲೇ ನೋಡಿಕೊಂಡು ಬರಬೇಕು. ಲೆಕ್ಕ, ಪ್ರಯೋಗ, ಚರ್ಚೆ ಎಲ್ಲ ತರಗತಿಯಲ್ಲಿ, ಟೀಚರ್ ಎದುರಿಗೆ.

ಇದರ ಹಿಂದಿನ ತರ್ಕ ಸರಳ. ಪಾಠ ಕೇಳಿಸಿಕೊಳ್ಳುವಾಗ ಟೀಚರ್ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಲೆಕ್ಕದ ಮೂರನೇ ಸಾಲಿಗೆ ಬಂದು ತಲೆ ಕೆಟ್ಟು ನಿಂತಾಗ ಇರಬೇಕು. ಈಗಿನ ಕ್ರಮದಲ್ಲಿ ತಲೆ ಕೆಡುವುದು ರಾತ್ರಿ ಎಂಟು ಗಂಟೆಗೆ, ಮನೆಯಲ್ಲಿ. ಅಪ್ಪ ಅಮ್ಮ ಓದಿದವರಾದರೆ ಬಚಾವ್, ಟ್ಯೂಷನ್ ಇದ್ದರೂ ಬಚಾವ್. ಎರಡೂ ಇಲ್ಲದವರು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಪಕ್ಕದವರ ನೋಟ್‌ಬುಕ್ ನೋಡಿ ಬರೆಯುತ್ತಾರೆ. ಅಂದರೆ ಹೋಮ್‌ವರ್ಕ್ ಅನ್ನೋದೇ ಮನೆಯ ಆಸ್ತಿಯ ಪರೀಕ್ಷೆ. ಫ್ಲಿಪ್ ಇದನ್ನು ಸರಿಮಾಡುತ್ತದೆ ಎಂಬುದು ಅದರ ಪರ ಇರುವವರ ವಾದ. ಸರಿ ಮಾಡುತ್ತದಾ, ಅಥವಾ ಅಸಮಾನತೆಯನ್ನು ಲೆಕ್ಕದಿಂದ ವಿಡಿಯೋಗೆ ಎತ್ತಿಡುತ್ತದಾ? ಪ್ರಶ್ನೆ ಇರುವುದು ಇಲ್ಲಿ.

ಎಲ್ಲಿಂದ ಬಂತು?

ಹೆಚ್ಚಿನವರು ಹೇಳುವ ಕಥೆ ಅಮೆರಿಕದ ಕೊಲರಾಡೋದ್ದು. ವುಡ್‌ಲ್ಯಾಂಡ್ ಪಾರ್ಕ್ ಹೈಸ್ಕೂಲಿನ ಕೆಮಿಸ್ಟ್ರಿ ಶಿಕ್ಷಕರಾದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ 2007ರಲ್ಲಿ ಪಾಠಗಳನ್ನು ರೆಕಾರ್ಡ್ ಮಾಡಲು ಶುರುಮಾಡಿದರು. ಕಾರಣ ದೊಡ್ಡ ಸಿದ್ಧಾಂತವೇನಲ್ಲ. ಆಟದ ಪಂದ್ಯಗಳಿಗೆ ದೂರದ ಊರಿಗೆ ಹೋಗಿ ಕ್ಲಾಸ್ ತಪ್ಪಿಸಿಕೊಳ್ಳುತ್ತಿದ್ದ ಮಕ್ಕಳಿಗೆ ಮತ್ತೆ ಮತ್ತೆ ಅದೇ ಪಾಠ ಹೇಳಿ ಅವರಿಗೆ ಸಾಕಾಗಿತ್ತು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ಮನೆಯಲ್ಲಿ ಇಂಟರ್‌ನೆಟ್ ಇಲ್ಲದ ಮಕ್ಕಳಿಗೆ ಅವರು ಪಾಠವನ್ನು ಡಿವಿಡಿಗೆ ಹಾಕಿ ಕೊಟ್ಟರು. ಫ್ಲಿಪ್ ಬಗ್ಗೆ ಟ್ರೇನಿಂಗ್ ಕೊಡುವವರ ಸ್ಲೈಡ್‌ಗಳಲ್ಲಿ ಈ ಡಿವಿಡಿ ಮಾತ್ರ ಕಾಣುವುದಿಲ್ಲ.

ಆದರೆ ಬೇರು ಇನ್ನೂ ಹಳೆಯದು, ಅದಕ್ಕೂ ವಿಡಿಯೋಗೂ ಸಂಬಂಧವಿಲ್ಲ. 1990ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್‌ಗೆ ಒಂದು ಆಘಾತವಾಯಿತು. ಸೂತ್ರ ಹಾಕಿ ಕಷ್ಟದ ಲೆಕ್ಕ ಬಿಡಿಸುವ ಅವರ ವಿದ್ಯಾರ್ಥಿಗಳು, ಬಲ ಅಂದರೇನು ಎಂಬಂಥ ಮೂಲ ಪರಿಕಲ್ಪನೆಯ ಪ್ರಶ್ನೆಗೆ ಎಡವುತ್ತಿದ್ದರು. (ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೂತವರಿಗೆ ಇದರಲ್ಲಿ ಆಘಾತವೇನೂ ಇಲ್ಲ ಬಿಡಿ.) ಅವರು ಲೆಕ್ಚರ್ ಕಡಿಮೆ ಮಾಡಿದರು. ಮೊದಲೇ ಓದಿಕೊಂಡು ಬನ್ನಿ ಎಂದರು. ತರಗತಿಯಲ್ಲಿ ಒಂದು ಪ್ರಶ್ನೆ. ಪ್ರತಿಯೊಬ್ಬರೂ ಒಬ್ಬೊಬ್ಬರೇ ಉತ್ತರ ಆರಿಸಬೇಕು. ಆಮೇಲೆ ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಉತ್ತರಿಸಬೇಕು. ಇದಕ್ಕೆ ಬೇಕಾಗಿದ್ದು ಒಳ್ಳೆಯ ಪ್ರಶ್ನೆ. ಕ್ಯಾಮೆರಾ ಅಲ್ಲ.

ಪುರಾವೆ ಏನು ಹೇಳುತ್ತದೆ?

ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಿ ಇದನ್ನು ಲಾಟರಿ ಮಾದರಿಯಲ್ಲಿ, ಅಂದರೆ ಯಾವ ತರಗತಿಗೆ ಫ್ಲಿಪ್, ಯಾವುದಕ್ಕೆ ಮಾಮೂಲಿ ಪಾಠ ಎಂದು ಚೀಟಿ ಎತ್ತಿದಂತೆ ಹಂಚಿ, ಪರೀಕ್ಷಿಸಿದರು. ಫಲಿತಾಂಶ 2019ರಲ್ಲಿ ಹೊರಬಂತು. ಗಣಿತದಲ್ಲಿ ಆರಂಭದಲ್ಲಿ ಲಾಭ ಕಂಡಿತು, ಅರ್ಥಶಾಸ್ತ್ರದಲ್ಲಿ ಏನೂ ಇಲ್ಲ. ಸರಾಸರಿ ಲಾಭ ಆಮೇಲೆ ಕರಗಿತು. ಉಳಿದದ್ದು ಅಂತರ: ಲಾಭವಾಗಿದ್ದು ಹೆಚ್ಚಾಗಿ ಬಿಳಿಯ, ಗಂಡು, ಮೊದಲೇ ಚೆನ್ನಾಗಿ ಓದುತ್ತಿದ್ದ ವಿದ್ಯಾರ್ಥಿಗಳಿಗೆ. ಅದು ಎಲ್ಲರೂ ಒಂದೇ ಕ್ಯಾಂಪಸ್‌ನಲ್ಲಿ ಉಳಿದು ಓದುವ, ಒಂದೇ ಶಿಸ್ತಿನ ಜಾಗ. ಅಲ್ಲೇ ಹೀಗಾದರೆ ಒಂದು ಫೋನನ್ನು ನಾಲ್ಕು ಜನ ಹಂಚಿಕೊಳ್ಳುವ ಮನೆಗಳಲ್ಲಿ?

2023ರ ಅಸರ್ ವರದಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಮಾತಾಡಿಸಿತ್ತು. ಸುಮಾರು 90% ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಟ್ರೇನಿಂಗ್‌ನವರು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಓದಿ: ಫೋನ್ ಬಳಸಲು ಬರುವವರಲ್ಲಿ ಸ್ವಂತ ಫೋನ್ ಇದ್ದ ಹುಡುಗರು 43.7%, ಹುಡುಗಿಯರು 19.8%. ಮನೆಯಲ್ಲಿ ಫೋನ್ ಇರೋದು ಬೇರೆ, ಸಂಜೆ ಏಳಕ್ಕೆ ಅಡುಗೆಮನೆಯಲ್ಲಿರುವ ಹುಡುಗಿಯ ಕೈಗೆ ಅದು ಬರೋದು ಬೇರೆ.

ಕರ್ನಾಟಕದ ಸರ್ಕಾರಿ ಶಿಕ್ಷಕರಿಗೆ ಇದು ಹೊಸ ವಿಷಯವಲ್ಲ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಬಂದ ವಿದ್ಯಾಗಮದಲ್ಲಿ ಫೋನ್ ಇಲ್ಲದವರು, ಫೋನ್ ಇದ್ದೂ ಇಂಟರ್‌ನೆಟ್ ಇಲ್ಲದವರು, ಎರಡೂ ಇರುವವರು ಅಂತ ಮಕ್ಕಳ ಪಟ್ಟಿ ಮಾಡಿ, ಅವರಿದ್ದ ಕೇರಿಗಳಿಗೇ ಹೋಗಿ ಪಾಠ ಮಾಡಿದ್ದರು. ಫ್ಲಿಪ್ ಮಾಡಲು ಹೊರಟ ಯಾವುದೇ ಟೀಚರ್‌ಗೆ ಮೊದಲ ಕೆಲಸ ಅದೇ ಪಟ್ಟಿ. ಅದರಲ್ಲಿ ಇನ್ನೊಂದು ಕಾಲಂ ಸೇರಿಸಿ: ಫೋನ್ ಎಷ್ಟು ಗಂಟೆಗೆ ಕೈಗೆ ಸಿಗುತ್ತೆ?

ಹಾಗಾದರೆ ಸಿದ್ಧತೆ ಹೇಗೆ?

ಹತ್ತನೇ ಕ್ಲಾಸಿನ ವಿಜ್ಞಾನ ಟೀಚರ್ ಒಬ್ಬರು ಓಮ್‌ನ ನಿಯಮದಿಂದ ಶುರುಮಾಡ್ತಾರೆ ಅಂದುಕೊಳ್ಳಿ. ಇಡೀ ವರ್ಷದ ಸಿಲಬಸ್ ಬೇಡ, ಒಂದೇ ಪಾಠ ಸಾಕು. ಬಹಳ ಜನ ಮೊದಲು ಟ್ರೈಪಾಡ್ ಕೊಳ್ಳುತ್ತಾರೆ. ಶುರುಮಾಡಬೇಕಾದ್ದು ಇನ್ನೊಂದು ತುದಿಯಿಂದ: ಖಾಲಿಯಾಗುವ 40 ನಿಮಿಷದ ಪೀರಿಯಡ್‌ನಲ್ಲಿ ಏನು ಮಾಡಿಸ್ತೀರಿ? ಬ್ಯಾಟರಿ, ಬಲ್ಬು, ವೈರು ಎಷ್ಟು ಗುಂಪಿಗೆ ಇದೆ? ಬಲ್ಬು ಎರಡಾದರೆ ಬೆಳಕು ಏನಾಗುತ್ತೆ ಅಂತ ಮಜೂರ್ ಶೈಲಿಯ ಒಂದು ಪ್ರಶ್ನೆ ಸಿದ್ಧ ಇದೆಯಾ? ಇದಕ್ಕೆ ಉತ್ತರ ಇಲ್ಲದಿದ್ದರೆ ಫ್ಲಿಪ್ ಮಾಡೋದೇ ಬೇಡ, ಬೋರ್ಡ್ ಮೇಲಿನ ಒಳ್ಳೆಯ ಪಾಠವೇ ಮೇಲು.

ವಿಡಿಯೋ ಬೇಕೆಂದರೆ ಚಿಕ್ಕದಿರಲಿ. ಎಡ್‌ಎಕ್ಸ್ ಕೋರ್ಸ್‌ಗಳಲ್ಲಿ 69 ಲಕ್ಷ ವೀಕ್ಷಣೆಗಳನ್ನು ನೋಡಿದ 2014ರ ಅಧ್ಯಯನದಲ್ಲಿ ಆರು ನಿಮಿಷದೊಳಗಿನ ವಿಡಿಯೋಗಳೇ ಜನರನ್ನು ಹಿಡಿದಿಟ್ಟಿದ್ದು. ಸ್ವಂತ ವಿಡಿಯೋ ಆಗಲೇಬೇಕೆಂದಿಲ್ಲ, ದೀಕ್ಷಾದಲ್ಲಿ ಹುಡುಕಬಹುದು. ಅದೂ ಆಗದಿದ್ದರೆ ಪಠ್ಯಪುಸ್ತಕದ ಒಂದೂವರೆ ಪುಟ ಮತ್ತು ಮೂರು ಪ್ರಶ್ನೆ. ಅದೂ ಫ್ಲಿಪ್ಪೇ.

ಫೋನ್ ಪಟ್ಟಿ ತೀರಾ ಕೆಟ್ಟದಾಗಿ ಬಂದರೆ ಮನೆಯನ್ನೇ ಲೆಕ್ಕದಿಂದ ಬಿಡಿ. ತರಗತಿಯ ಒಂದು ಮೂಲೆಯಲ್ಲಿ ಒಂದು ಗುಂಪು ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಪಾಠ ನೋಡಲಿ, ಇನ್ನೊಂದು ಗುಂಪು ಪ್ರಯೋಗ ಮಾಡಲಿ, ಮೂರನೆಯದು ಟೀಚರ್ ಜೊತೆ ಲೆಕ್ಕ ಬಿಡಿಸಲಿ. ಆಮೇಲೆ ಜಾಗ ಬದಲಿಸಲಿ. ನನಗೆ ಕೇಳಿದರೆ ನಮ್ಮ ಹೆಚ್ಚಿನ ಶಾಲೆಗಳಿಗೆ ಒಗ್ಗುವುದು ಇದೇ.

ಇನ್ನು ಟೀಚರ್ ಸಮಯದ ಮಾತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಮಿಶ್ರ ಕಲಿಕೆಯ ಬಗ್ಗೆ ಉತ್ಸಾಹದಿಂದ ಮಾತಾಡುತ್ತದೆ. ಆದರೆ ಆರು ನಿಮಿಷದ ವಿಡಿಯೋ ಆರು ನಿಮಿಷದಲ್ಲಿ ಆಗುವುದಿಲ್ಲ, ಒಂದು ಸಂಜೆ ತಿನ್ನುತ್ತದೆ. ಗಣತಿ, ಚುನಾವಣೆ ಕೆಲಸ, ಬಿಸಿಯೂಟದ ಲೆಕ್ಕ ಎಲ್ಲ ಮುಗಿಸಿದ ಮೇಲಿನ ಸಂಜೆ. ಶಾಲೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡುತ್ತಾ ಅಂತ ಹೆಡ್‌ಮಾಸ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಬೇಕು.

ಕೊನೆಗೆ, ಮೊದಲ ದಿನ ಅರ್ಧ ಕ್ಲಾಸ್ ವಿಡಿಯೋ ನೋಡದೆ ಬಂದಿರುತ್ತದೆ. ಅಲ್ಲಿ ಪಾಠವನ್ನು ಪೂರ್ತಿ ಮತ್ತೆ ಹೇಳಿಬಿಟ್ಟರೆ ನಾಳೆಯಿಂದ ಯಾರೂ ನೋಡಿಕೊಂಡು ಬರಲ್ಲ. ಹೊರಗೆ ನಿಲ್ಲಿಸಿದರೆ ಫೋನ್ ಸಿಗದ ಹುಡುಗಿಗೇ ಶಿಕ್ಷೆ. ಅವರನ್ನು ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಪುಸ್ತಕದ ಆ ಪುಟ ಓದಿಸಿ, ಪ್ರಯೋಗದ ಗುಂಪಿಗೆ ಸೇರಿಸಿಕೊಳ್ಳಿ. ಯಾಕೆ ನೋಡಲಿಲ್ಲ ಅನ್ನೋದನ್ನ ಎಲ್ಲರೆದುರು ಕೇಳಬೇಡಿ, ಪೀರಿಯಡ್ ಮುಗಿದ ಮೇಲೆ ಕೇಳಿ.