ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ (1978)

ಕರ್ನಾಟಕದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ 1978ರ ನವೆಂಬರ್ 5ರಂದು ನಡೆದ ಉಪಚುನಾವಣೆ. ಸಂಸದ ಡಿ.ಬಿ. ಚಂದ್ರೇಗೌಡರ ರಾಜೀನಾಮೆಯಿಂದ ತೆರವಾದ ಸ್ಥಾನಕ್ಕೆ ಇಂದಿರಾ ಕಾಂಗ್ರೆಸ್ಸಿನಿಂದ ಮಾಜಿ ಪ್ರಧಾನಿ ಇಂದಿರಾ ಗಾಂಧಿ, ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ ಸ್ಪರ್ಧಿಸಿದರು. ಇಂದಿರಾ ಗಾಂಧಿಗೆ 2,49,376, ವೀರೇಂದ್ರ ಪಾಟೀಲರಿಗೆ 1,72,043 ಮತಗಳು ಬಂದವು. ಗೆಲುವಿನ ಅಂತರ 77,333. ತುರ್ತುಪರಿಸ್ಥಿತಿಯ ನಂತರ ಸೋತು ಮೂಲೆಗೆ ಸರಿದಿದ್ದ ನಾಯಕಿಯನ್ನು ಮತ್ತೆ ಸಂಸತ್ತಿಗೆ ಕರೆತಂದ ಈ ಚುನಾವಣೆಯ ಫಲ ಒಂದೂವರೆ ತಿಂಗಳು ಕೂಡ ಬಾಳಲಿಲ್ಲ.

ಸದಸ್ಯರು ತೀರಿಕೊಂಡಾಗ, ರಾಜೀನಾಮೆ ಕೊಟ್ಟಾಗ, ಅನರ್ಹರಾದಾಗ ಅಥವಾ ಅವರ ಆಯ್ಕೆಯನ್ನು ನ್ಯಾಯಾಲಯ ರದ್ದುಪಡಿಸಿದಾಗ ಉಳಿದ ಅವಧಿಗೆ ಹೊಸಬರನ್ನು ಆರಿಸುವುದು ಉಪಚುನಾವಣೆಯ ಕೆಲಸ. ಲೋಕಸಭೆಯ ಮಟ್ಟಿಗೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 149ನೇ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಸ್ಥಾನ ಖಾಲಿಯಾದ ಆರು ತಿಂಗಳೊಳಗೆ ಮತದಾನ ನಡೆಯಬೇಕೆಂಬ ಕಟ್ಟು 1996ರಲ್ಲಿ 151ಎ ಕಲಂ ಸೇರಿದ ಮೇಲೆ ಬಂದದ್ದು. 1978ರಲ್ಲಿ ಅಂಥ ಗಡುವು ಇರಲಿಲ್ಲ. ಕಾನೂನು ಎಣಿಸಿದ ಕ್ರಮದಲ್ಲಿ ತೆರವು ಮೊದಲು, ಅಭ್ಯರ್ಥಿ ಆಮೇಲೆ. ಚಿಕ್ಕಮಗಳೂರಿನಲ್ಲಿ ಅಭ್ಯರ್ಥಿ ಮೊದಲು ಸಿದ್ಧರಾದರು, ಅವರಿಗಾಗಿ ಕುರ್ಚಿ ಖಾಲಿಯಾಯಿತು. ಮುಂದೆ ಕರ್ನಾಟಕಕ್ಕೆ ಚೆನ್ನಾಗಿಯೇ ರೂಢಿಯಾದ ಈ ಪದ್ಧತಿಗೆ ಇಷ್ಟು ದೊಡ್ಡ ಮಟ್ಟದ ನಿದರ್ಶನ ರಾಜ್ಯದಲ್ಲಿ ಇನ್ನೊಂದಿಲ್ಲ.

ಹಿನ್ನೆಲೆ 1977ರ ಮಾರ್ಚ್ ತಿಂಗಳ ಮಹಾಚುನಾವಣೆಯದು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿಹೋಯಿತು. ರಾಯ್‌ಬರೇಲಿಯಲ್ಲಿ ಸ್ವತಃ ಪ್ರಧಾನಿ ಇಂದಿರಾ ಗಾಂಧಿ ರಾಜ್ ನಾರಾಯಣ್ ಎದುರು 55,202 ಮತಗಳಿಂದ ಸೋತರು. ಮೊರಾರ್ಜಿ ದೇಸಾಯಿ ನೇತೃತ್ವದಲ್ಲಿ ಜನತಾ ಸರ್ಕಾರ ಬಂತು. ತುರ್ತುಪರಿಸ್ಥಿತಿಯ ಅತಿರೇಕಗಳ ವಿಚಾರಣೆಗೆ ಷಾ ಆಯೋಗ ಕೂತಿತು. 1977ರ ಅಕ್ಟೋಬರ್ 3ರಂದು ಇಂದಿರಾ ಅವರನ್ನು ಬಂಧಿಸಿದ ಸರ್ಕಾರ ಮರುದಿನವೇ ಬಿಡಬೇಕಾಗಿ ಬಂದು ನಗೆಪಾಟಲಾಯಿತು.

ಅದೇ ಚುನಾವಣೆಯಲ್ಲಿ ಕರ್ನಾಟಕದ ಲೆಕ್ಕ ಮಾತ್ರ ಬೇರೆಯೇ ಇತ್ತು. 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವು. ಇದರ ಹಿಂದೆ ಇದ್ದದ್ದು 1972ರಿಂದ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಅವರ ರಾಜಕಾರಣ: 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ಹಿಂದುಳಿದ ವರ್ಗಗಳಿಗಾಗಿ ನೇಮಿಸಿದ ಹಾವನೂರ ಆಯೋಗ, ಜೀತ ನಿರ್ಮೂಲನೆ. ಪ್ರಬಲ ಜಾತಿಗಳಾಚೆಗಿನ ಸಣ್ಣಪುಟ್ಟ ಸಮುದಾಯಗಳನ್ನೆಲ್ಲ ಅರಸು ಕೂಡಿಸಿ ಕಟ್ಟಿದ್ದರು. 1978ರ ಜನವರಿಯಲ್ಲಿ ಕಾಂಗ್ರೆಸ್ ಎರಡು ಹೋಳಾದಾಗ ಅರಸು ಇಂದಿರಾ ಬಣದಲ್ಲಿ ನಿಂತರು. ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಹೊಸ ಪಕ್ಷ 224ರಲ್ಲಿ 149 ಸ್ಥಾನ ಗೆದ್ದಿತು. ಹಳೆಯ ಹಸು-ಕರು ಚಿಹ್ನೆ ಕೈತಪ್ಪಿ ಹಸ್ತದ ಗುರುತು ಬಂದಿತ್ತು. ಆ ಗುರುತನ್ನು ಮತದಾರರಿಗೆ ಪರಿಚಯಿಸುವ ಕೆಲಸ ಕರ್ನಾಟಕದಲ್ಲಿ ಈ ಫೆಬ್ರವರಿಯಲ್ಲೇ ಆಗಿಹೋಗಿತ್ತು. ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಆಜಂಗಢ ಲೋಕಸಭಾ ಉಪಚುನಾವಣೆಯಲ್ಲಿ ಮೊಹ್ಸಿನಾ ಕಿದ್ವಾಯಿ ಇಂದಿರಾ ಕಾಂಗ್ರೆಸ್ಸಿನಿಂದ ಗೆದ್ದದ್ದು ಉತ್ತರದಲ್ಲೂ ಗಾಳಿ ತಿರುಗುತ್ತಿದೆ ಎಂಬುದಕ್ಕೆ ಮೊದಲ ಸೂಚನೆ. ಆದರೂ ತಮ್ಮ ಮರುಪ್ರವೇಶಕ್ಕೆ ಇಂದಿರಾ ಉತ್ತರವನ್ನು ನೆಚ್ಚಿಕೊಳ್ಳಲಿಲ್ಲ.

ಚಿಕ್ಕಮಗಳೂರೇ ಏಕೆ? ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಚಂದ್ರೇಗೌಡರು 1971 ಮತ್ತು 1977ರಲ್ಲಿ ಇಲ್ಲಿಂದ ಗೆದ್ದಿದ್ದರು. ಅವರು ಜಾಗ ಬಿಟ್ಟುಕೊಡಲು ಒಪ್ಪಿದರು, ಅರಸು ಗೆಲ್ಲಿಸಿಕೊಡುವ ಹೊಣೆ ಹೊತ್ತರು. ಕ್ಷೇತ್ರದ ಸ್ವರೂಪವೂ ಅನುಕೂಲಕರವಾಗಿತ್ತು. ಒಂದು ಕಡೆ ಮೂಡಿಗೆರೆ, ಶೃಂಗೇರಿ, ಬಾಬಾಬುಡನ್‌ಗಿರಿ ತಪ್ಪಲಿನ ಮಲೆನಾಡು. ಇನ್ನೊಂದು ಕಡೆ ಕಡೂರು, ಬೀರೂರಿನ ಬಯಲುಸೀಮೆ. ಘಟ್ಟದ ಕೆಳಗೆ ಕಾರ್ಕಳ, ಬೆಳ್ತಂಗಡಿಯ ಕರಾವಳಿ ಭಾಗ. ಕಾಫಿ, ಏಲಕ್ಕಿ ಮುಂತಾದ ತೋಟದ ಬೆಳೆಗಳ ಜಮೀನಿಗೆ ಭೂಸುಧಾರಣಾ ಕಾಯ್ದೆಯಿಂದ ವಿನಾಯಿತಿ ಇದ್ದುದರಿಂದ ಎಸ್ಟೇಟ್ ಮಾಲೀಕರಿಗೆ ಅರಸು ಮೇಲೆ ಸಿಟ್ಟಾಗಲು ದೊಡ್ಡ ಕಾರಣವಿರಲಿಲ್ಲ. ಘಟ್ಟದ ಕೆಳಗಾದರೋ ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ನೆಲ. ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿ, ತಲೆಮಾರುಗಳಿಂದ ಗೇಣಿ ಅಳೆಯುತ್ತಿದ್ದ ಗದ್ದೆಯನ್ನೇ ತಮ್ಮ ಹೆಸರಿಗೆ ಮಾಡಿಸಿಕೊಂಡ ಒಕ್ಕಲುಗಳು ಅಲ್ಲಿದ್ದವು. ಅವರ ಪಾಲಿಗೆ ‘ಇಂದಿರಮ್ಮ’ ಎಂದರೆ ಕೈಯಲ್ಲಿದ್ದ ಆ ಕಾಗದ. ತುರ್ತುಪರಿಸ್ಥಿತಿಯ ಬಲವಂತದ ಸಂತಾನಹರಣ ಚಿಕಿತ್ಸೆ ಉತ್ತರದಲ್ಲಿ ಹಳ್ಳಿಹಳ್ಳಿಗೆ ಮುಟ್ಟಿಸಿದ್ದ ಭಯ ಇಲ್ಲಿ ಆ ಪ್ರಮಾಣದಲ್ಲಿ ಇರಲಿಲ್ಲ. ಕರ್ನಾಟಕದಲ್ಲೂ ಜನರನ್ನು ಜೈಲಿಗೆ ಹಾಕಿದ್ದು ನಿಜ, ಆದರೆ ಅದು ಮತಗಟ್ಟೆಯವರೆಗೆ ನಡೆದುಬರುವ ವಿಷಯವಾಗಲಿಲ್ಲ.

‘ಹೊರಗಿನವರು’ ಎಂಬ ಆಕ್ಷೇಪಕ್ಕೆ ಕಾನೂನಿನ ಬಲವಿರಲಿಲ್ಲ. ದೇಶದ ಯಾವ ಲೋಕಸಭಾ ಕ್ಷೇತ್ರದ ಮತದಾರರಾಗಿದ್ದರೂ ಮತ್ತೊಂದು ಕ್ಷೇತ್ರದಲ್ಲಿ ಸ್ಪರ್ಧಿಸಬಹುದು. ಎದುರಾಳಿಯೂ ಸ್ಥಳೀಯರಾಗಿರಲಿಲ್ಲ: ವೀರೇಂದ್ರ ಪಾಟೀಲರು ಕಲಬುರಗಿ ಕಡೆಯ ಚಿಂಚೋಳಿಯವರು. 1968ರಿಂದ 1971ರವರೆಗೆ ಮುಖ್ಯಮಂತ್ರಿಯಾಗಿದ್ದ ಅವರು 1969ರ ಕಾಂಗ್ರೆಸ್ ಒಡಕಿನಲ್ಲಿ ನಿಜಲಿಂಗಪ್ಪನವರ ಜೊತೆ ನಿಂತು, 1971ರ ಇಂದಿರಾ ಅಲೆಯಲ್ಲಿ ಅಧಿಕಾರ ಕಳೆದುಕೊಂಡವರು. ಆ ಅಲೆಯ ಮೇಲೆ ಬಂದವರು ಅರಸು. ದಿಲ್ಲಿಯ ಪತ್ರಿಕೆಗಳಿಗೆ ಇದು ಇಂದಿರಾ-ಮೊರಾರ್ಜಿ ಕಾಳಗವಾಗಿ ಕಂಡಿರಬಹುದು. ಬೆಂಗಳೂರಿನಿಂದ ನೋಡಿದವರಿಗೆ ಅರಸು-ಪಾಟೀಲರ ಹಳೆಯ ಬಾಕಿ ಲೆಕ್ಕವೂ ಅದರೊಳಗಿತ್ತು. ಸಜ್ಜನ, ದಕ್ಷ ಆಡಳಿತಗಾರ ಎಂಬ ಪಾಟೀಲರ ಹೆಸರಿಗೆ ಈ ಸೋಲಿನಿಂದ ಮುಕ್ಕಾಗಲಿಲ್ಲ ಎಂಬುದನ್ನೂ ಹೇಳಬೇಕು.

ಪ್ರಚಾರ ಈ ಉಪಚುನಾವಣೆಯ ಅತ್ಯಂತ ರಂಗೇರಿದ ಭಾಗ. ಜನತಾ ಪಕ್ಷದ ಪರವಾಗಿ ಕೇಂದ್ರ ಕೈಗಾರಿಕಾ ಸಚಿವ ಜಾರ್ಜ್ ಫರ್ನಾಂಡಿಸ್ ಕ್ಷೇತ್ರದಲ್ಲೇ ಬೀಡುಬಿಟ್ಟರು. ಮಂಗಳೂರಿನವರಾದ ಅವರಿಗೆ ಕನ್ನಡ, ತುಳು, ಕೊಂಕಣಿ ಮೂರೂ ಬರುತ್ತಿದ್ದವು. ಘಟ್ಟದ ಮೇಲೂ ಕೆಳಗೂ ಭಾಷಣಕ್ಕೆ ಅನುವಾದಕರ ಹಂಗಿರಲಿಲ್ಲ. ಇಂದಿರಾ ಕಡೆಯಿಂದ ಅರಸು ಸಂಪುಟವೇ ಊರೂರಿಗೆ ಇಳಿಯಿತು. ಇಂದಿರಾ ಕಾರಿನಲ್ಲಿ ತೋಟದ ದಾರಿಗಳನ್ನು ಸುತ್ತಿ, ರಸ್ತೆಬದಿಯಲ್ಲಿ ಕಾದ ಹೆಂಗಸರನ್ನು ಕಂಡು, ಚಿಕ್ಕ ಚಿಕ್ಕ ಭಾಷಣ ಮಾಡಿದರು. ಅವರ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಿತ್ತು. ಹಾಗೆಂದು ಜನ ಕಡಿಮೆಯಾಗಲಿಲ್ಲ. ಬಹುಪಾಲು ಮಂದಿ ಬಂದದ್ದು ಕೇಳುವುದಕ್ಕಿಂತ ನೋಡುವುದಕ್ಕೆ.

ಜನತಾ ಪಾಳೆಯದ ಒಂದು ಭಿತ್ತಿಪತ್ರದ ಕಥೆಯನ್ನು ಈ ಚುನಾವಣೆಯ ಬಗ್ಗೆ ಬರೆದವರು ಬಿಡುವುದಿಲ್ಲ. ಹೆಡೆಯೆತ್ತಿದ ನಾಗರಹಾವಿನ ಚಿತ್ರ, ಜೊತೆಗೆ ಈ ಚುನಾವಣೆಯಲ್ಲಿ ಸರ್ಪ ತಲೆಯೆತ್ತಲಿದೆ, ಹುಷಾರು ಎಂಬರ್ಥದ ಎಚ್ಚರಿಕೆ. ಹಾವೆಂದರೆ ಅಪಾಯ ಎಂದು ಚಿತ್ರ ಬರೆಸಿದವರ ಲೆಕ್ಕ. ಆದರೆ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ತನಿ ಎರೆಯುವ, ತೋಟದ ಮೂಲೆಯ ನಾಗಬನದಲ್ಲಿ ಒಂದು ಗಿಡವನ್ನೂ ಕಡಿಯದ ಸೀಮೆಯಲ್ಲಿ ಹೆಡೆಯೆತ್ತಿದ ನಾಗ ಕೈಮುಗಿಸಿಕೊಳ್ಳುವ ದೇವರು. ಇಂದಿರಾ ಅವರನ್ನು ಹೆದರಿಸುವ ರೂಪದಲ್ಲಿ ತೋರಿಸಹೋಗಿ ಪೂಜ್ಯ ರೂಪದಲ್ಲಿ ತೋರಿಸಿದಂತಾಯಿತು. ನಾಗಾರಾಧನೆಯ ತುಳುನಾಡಿನಲ್ಲೇ ಹುಟ್ಟಿ ಬೆಳೆದ ಫರ್ನಾಂಡಿಸ್ ಮುಂದಾಳತ್ವದ ಪ್ರಚಾರದಲ್ಲಿ ಇದು ನುಸುಳಿದ್ದು ವಿಚಿತ್ರ. ಇಷ್ಟಾಗಿಯೂ 77 ಸಾವಿರ ಮತಗಳ ಅಂತರವನ್ನು ಒಂದು ಹಾವಿನ ಚಿತ್ರದ ತಲೆಗೆ ಕಟ್ಟುವುದು ಕಥೆಗೆ ಚಂದ, ವಿಶ್ಲೇಷಣೆಗೆ ಸಾಲದು. ಭೂಮಿ ಸಿಕ್ಕ ಒಕ್ಕಲು, ಅರಸು ಬೆನ್ನಿಗಿದ್ದ ಹಿಂದುಳಿದ ವರ್ಗ, ದಲಿತರು, ಮುಸ್ಲಿಮರು, ರಾಜ್ಯ ಸರ್ಕಾರದ ಯಂತ್ರ ಇವೆಲ್ಲ ಕೂಡಿಯೇ ಆ ಅಂತರವಾದದ್ದು.

ಮತ್ತೊಂದು ಕಡೆಯ ಘೋಷಣೆ ಹಾವಿಗಿಂತ ಹೆಚ್ಚು ಕೆಲಸ ಮಾಡಿತು. ಒಂದು ಸಿಂಹಿಣಿ, ನೂರು ಮುಸುವ ಎಂದು ಹೇಳಿ ಚಿಕ್ಕಮಗಳೂರಿನ ಹೆಸರನ್ನು ಎರಡು ಸಲ ಪ್ರಾಸವಾಗಿ ಕೂಗುವ ಹಿಂದಿ ಘೋಷಣೆ ಅದು. ಮಲೆನಾಡಿನ ಮತದಾರರಿಗೆ ಅದರ ಹಿಂದಿ ಎಷ್ಟು ಹತ್ತಿತೋ ಏನೋ, ಉತ್ತರ ಭಾರತದ ಬೀದಿಗಳಲ್ಲಿ ಮಾತ್ರ ಚಿಕ್ಕಮಗಳೂರು ಎಂಬ ಊರಿನ ಹೆಸರು ಅದರಿಂದಲೇ ಬಾಯಿಪಾಠವಾಯಿತು.

ನವೆಂಬರ್ 8ರಂದು ಫಲಿತಾಂಶ ಹೊರಬಿತ್ತು. ನವೆಂಬರ್ 20ರಂದು ಇಂದಿರಾ ಲೋಕಸಭೆಯಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಮರುದಿನವೇ ಹಕ್ಕುಬಾಧ್ಯತಾ ಸಮಿತಿಯ ವರದಿ ಸದನಕ್ಕೆ ಬಂತು. ಇಂದಿರಾ ಅವರ ಮಗನ ಮಾರುತಿ ಕಂಪನಿಯ ಬಗ್ಗೆ ಸಂಸತ್ತಿನಲ್ಲಿ ಕೇಳಲಾದ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಇಂದಿರಾ ಪ್ರಧಾನಿಯಾಗಿದ್ದಾಗ ಅಡ್ಡಿಪಡಿಸಿ, ಕಿರುಕುಳ ಕೊಡಿಸಿ ಹಕ್ಕುಚ್ಯುತಿ ಎಸಗಿದ್ದಾರೆ ಎಂದು ಸಮಿತಿ ತೀರ್ಮಾನಿಸಿತ್ತು. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿನಲ್ಲಿಡುವ ನಿರ್ಣಯ ಕೈಗೊಂಡಿತು. ಅವರ ಆಪ್ತ ಸಹಾಯಕರಾಗಿದ್ದ ಆರ್.ಕೆ. ಧವನ್ ಮತ್ತು ಸಿಬಿಐನ ಮಾಜಿ ನಿರ್ದೇಶಕ ಡಿ. ಸೇನ್ ಅವರಿಗೂ ಜೈಲಾಯಿತು. ಇಂದಿರಾ ಡಿಸೆಂಬರ್ 26ರವರೆಗೆ ತಿಹಾರ್ ಜೈಲಿನಲ್ಲಿದ್ದರು. ಡಿಸೆಂಬರ್ 20ರಂದು ಅವರ ಬಿಡುಗಡೆಗೆ ಒತ್ತಾಯಿಸಿ ಇಬ್ಬರು ಯುವಕರು ಆಟಿಕೆ ಆಯುಧ ತೋರಿಸಿ ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದನ್ನು ಅಪಹರಿಸಿದರು. ಮುಂದೆ ಅವರಿಗೆ ಉತ್ತರ ಪ್ರದೇಶ ವಿಧಾನಸಭೆಗೆ ಕಾಂಗ್ರೆಸ್ ಟಿಕೆಟ್ಟೂ ಸಿಕ್ಕಿತು.

ಪ್ರಮಾಣವಚನಕ್ಕೂ ಉಚ್ಚಾಟನೆಗೂ ನಡುವೆ ಇದ್ದದ್ದು 29 ದಿನ. ಎರಡೂವರೆ ಲಕ್ಷ ಜನರ ಮತವನ್ನು ಸದನದ ಬಹುಮತ ಅಳಿಸಬಹುದೇ ಎಂಬ ಪ್ರಶ್ನೆ ಆಗಲೇ ಎದ್ದಿತು. ಉಚ್ಚಾಟಿತರು ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂಬುದೊಂದೇ ಮತದಾರರಿಗೆ ಉಳಿದ ಸಮಾಧಾನ. ಇಂದಿರಾ ಅಧಿಕಾರಕ್ಕೆ ಮರಳಿದ ಮೇಲೆ, 1981ರ ಮೇ 7ರಂದು, ಹೊಸ ಲೋಕಸಭೆ ಆ ಹಳೆಯ ನಿರ್ಣಯವನ್ನು ರದ್ದುಪಡಿಸಿತು. ಸದಸ್ಯರನ್ನು ಉಚ್ಚಾಟಿಸುವ ಅಧಿಕಾರ ಸಂಸತ್ತಿಗೆ ಇದೆಯೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2007ರಲ್ಲಿ, ಪ್ರಶ್ನೆ ಕೇಳಲು ಹಣ ಪಡೆದ ಸಂಸದರ ಪ್ರಕರಣದಲ್ಲಿ.

ಗೆಲುವಿನ ಶಿಲ್ಪಿಗಳ ಒಗ್ಗಟ್ಟೂ ಬೇಗ ಮುರಿಯಿತು. 1979ರ ಜೂನ್‌ನಲ್ಲಿ ಅರಸು ಇಂದಿರಾ ಕಾಂಗ್ರೆಸ್ಸಿನಿಂದ ಹೊರಬಿದ್ದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ಕರ್ನಾಟಕದ 28ರಲ್ಲಿ 27 ಸ್ಥಾನ ಗೆದ್ದಾಗ ಅರಸು ಅಧಿಕಾರವೂ ಹೋಯಿತು. ಆ ಚುನಾವಣೆಯಲ್ಲಿ ಚಿಕ್ಕಮಗಳೂರಿನಿಂದ ಡಿ.ಎಂ. ಪುಟ್ಟೇಗೌಡರು ಆರಿಸಿಬಂದರು; ಇಂದಿರಾ ಅತ್ತ ಬರದೆ ರಾಯ್‌ಬರೇಲಿ, ಮೇದಕ್ ಎರಡರಲ್ಲೂ ಗೆದ್ದು ಮೇದಕ್ ಉಳಿಸಿಕೊಂಡರು. ಅವರಿಗೆದುರಾಗಿ ಸೋತಿದ್ದ ವೀರೇಂದ್ರ ಪಾಟೀಲರು ಅಷ್ಟರಲ್ಲಿ ಅವರದೇ ಪಕ್ಷಕ್ಕೆ ಬಂದು ಬಾಗಲಕೋಟೆಯಿಂದ ಗೆದ್ದು ಕೇಂದ್ರ ಸಚಿವರಾದರು, 1989ರಲ್ಲಿ ಮತ್ತೆ ಮುಖ್ಯಮಂತ್ರಿಯೂ ಆದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ವಿಧಾನ ಪರಿಷತ್ತಿಗೆ ಹೋಗಿ ಅರಸು ಸಂಪುಟದಲ್ಲಿ ಸಚಿವರಾದರು. 1983ರಲ್ಲಿ ಜನತಾ ಸರ್ಕಾರ ಬಂದಾಗ ವಿಧಾನಸಭಾಧ್ಯಕ್ಷರು, ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಸಚಿವರು, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರು: ಇಷ್ಟೆಲ್ಲ ಆದರೂ 2023ರ ನವೆಂಬರ್‌ನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಮೊದಲು ನೆನೆದದ್ದು ಆ ರಾಜೀನಾಮೆಯನ್ನೇ.

ಬೇಕೆಂದೇ ತೆರವು ಮಾಡಿಸುವ ಪದ್ಧತಿ ಮುಂದೆ ಬೇರೆ ಬಣ್ಣ ತಾಳಿತು. 2008ರಲ್ಲಿ ‘ಆಪರೇಷನ್ ಕಮಲ’ ಎಂದು ಹೆಸರಾದ ರಾಜೀನಾಮೆಗಳ ಹಿಂದೆಯೇ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು ಬಿಜೆಪಿ ಐದನ್ನು ಗೆದ್ದಿತು. 2019ರಲ್ಲಿ 17 ಶಾಸಕರು ಅನರ್ಹರಾಗಿ, ಡಿಸೆಂಬರ್ 5ರಂದು ಮತದಾನವಾದ 15 ಕ್ಷೇತ್ರಗಳಲ್ಲಿ 12 ಬಿಜೆಪಿಗೆ ಬಂದವು. 1978ರಲ್ಲಿ ಒಬ್ಬರು ಕುರ್ಚಿ ಬಿಟ್ಟು ಇನ್ನೊಬ್ಬರನ್ನು ಕೂರಿಸಿದರು. ಈ ಎರಡು ಸಂದರ್ಭಗಳಲ್ಲಿ ಕುರ್ಚಿ ಬಿಟ್ಟವರ ಪೈಕಿ ಬಹಳಷ್ಟು ಮಂದಿ ಬೇರೆ ಚಿಹ್ನೆ ಹಿಡಿದು ಅದೇ ಕುರ್ಚಿಗೆ ಮರಳಿ ಬಂದರು.

ಕ್ಷೇತ್ರ ಪುನರ್ವಿಂಗಡಣೆಯ ನಂತರ 2009ರ ಚುನಾವಣೆಗೆ ಚಿಕ್ಕಮಗಳೂರು ಉಡುಪಿಯೊಂದಿಗೆ ಸೇರಿಕೊಂಡಿತು. ಉಡುಪಿ-ಚಿಕ್ಕಮಗಳೂರಿನ ಸಂಸದರಾಗಿದ್ದ ಡಿ.ವಿ. ಸದಾನಂದಗೌಡರು 2011ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟಾಗ ಇಲ್ಲಿ ಮತ್ತೆ ಉಪಚುನಾವಣೆ ಬಂತು. 2012ರ ಮಾರ್ಚ್‌ನಲ್ಲಿ ನಡೆದ ಆ ಸ್ಪರ್ಧೆಯಲ್ಲಿ ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆಯವರು ಬಿಜೆಪಿಯ ವಿ. ಸುನಿಲ್ ಕುಮಾರ್ ಅವರನ್ನು ಸೋಲಿಸಿದರು.