ಪ್ರಸ್ತುತತಾ ನಿರ್ಣಯ

ಶೋಧಯಂತ್ರವು ಮುಂದಿಟ್ಟ ಫಲಿತಾಂಶವು ಶೋಧಿಸಿದವನ ಪ್ರಯೋಜನಕ್ಕೆ ಎಷ್ಟರಮಟ್ಟಿಗೆ ಒದಗುವುದೆಂದು ಮನುಷ್ಯನು ಮಾಡುವ ತೀರ್ಮಾನ. ಅದನ್ನು ಗಣಿತದ ಪ್ರತಿರೂಪಗಳಲ್ಲಿ ಹಿಡಿಯುವ ಯತ್ನವೂ ಇದರಲ್ಲಿ ಅಡಕವಾಗಿದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡಿನಲ್ಲಿ ಸಿರಿಲ್ ಕ್ಲೆವರ್ಡನ್ 1400 ಲೇಖನಗಳನ್ನಿಟ್ಟು, ಆಯಾ ಪ್ರಶ್ನೆಗೆ ಅವುಗಳ ಉಪಯುಕ್ತತೆಯನ್ನು ಬಲ್ಲವರಿಂದ ಶ್ರೇಣೀಕರಿಸಿ ನಡೆಸಿದ ಪ್ರಯೋಗವು ಇದರ ಅಡಿಗಲ್ಲು.

ನಿರ್ಣಯವು ಶಬ್ದಸಾಮ್ಯವನ್ನಲ್ಲದೆ ಉದ್ದೇಶವನ್ನೇ ಅವಲಂಬಿಸಿರುವುದಕ್ಕೆ ಜೈನ ಬಸದಿಗಳ ಊರಾದ ಮೂಡುಬಿದಿರೆಯೇ ನಿದರ್ಶನ. ‘ಮೂಡುಬಿದಿರೆ ಬಸದಿ’ ಎಂದು ಹುಡುಕುವಾತನು ಧರ್ಮಸ್ಥಳದ ದರ್ಶನ ಮುಗಿಸಿ ಬೆಳ್ತಂಗಡಿಯ ಮಾರ್ಗವಾಗಿ ಬರುತ್ತಿರುವ ಯಾತ್ರಿಕನಾದರೆ ಬಾಗಿಲು ತೆರೆಯುವ ವೇಳೆಯೂ ಬಸ್ಸಿನ ದಾರಿಯೂ ಅವನಿಗೆ ಸಾಕು. ಬಂಟ್ವಾಳದ ಸಂಶೋಧನ ವಿದ್ಯಾರ್ಥಿಯಾದರೆ 1430ರ ಸಾವಿರ ಕಂಬದ ಬಸದಿಯ ಶಾಸನಗಳು, ಇಲ್ಲವೆ ಗುರುಬಸದಿಯು ಶತಮಾನಗಳ ಕಾಲ ಕಾಪಾಡಿದ ಧವಲಾ ಎಂಬ ಜೈನ ಗ್ರಂಥದ ಓಲೆಪ್ರತಿಗಳ ವಿವರವೇ ಬೇಕು. ಅಲ್ಲಿಯ ಹಸ್ತಪ್ರತಿಗಳನ್ನೊಳಗೊಂಡ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು 1948ರಲ್ಲಿ ಹೊರತಂದ ಕೆ. ಭುಜಬಲಿ ಶಾಸ್ತ್ರಿಗಳಂತಹ ಸೂಚಿಕಾರರು, ಇನ್ನೂ ಕಾಣದ ಓದುಗನ ಅಗತ್ಯವನ್ನು ಮುಂದಾಗಿಯೇ ಊಹಿಸಬೇಕಾಗಿದ್ದಿತು. ಯಂತ್ರದಿಂದ ಇಂದು ಅಪೇಕ್ಷಿಸುವುದೂ ಆ ವಿವೇಕವನ್ನೇ.

ಇಂತಹ ನಿರ್ಣಯಗಳಿಂದ ಯಂತ್ರದ ಗುಣವನ್ನು ಅಳೆಯಲು ಸಂಶೋಧಕರಾದ ಯಾರ್ವೆಲಿನ್ ಮತ್ತು ಕೆಕಲೈನೆನ್ 2002ರಲ್ಲಿ ವಿವರಿಸಿದ ಅಳತೆಯು ಶ್ರೇಣಿಯ ಅಂಕಗಳನ್ನು ಕೂಡಿಸುತ್ತ, ಕೆಳಗಿನ ಫಲಿತಾಂಶಗಳ ಬೆಲೆಯನ್ನು ಕ್ರಮವಾಗಿ ತಗ್ಗಿಸುತ್ತದೆ. ಬಳಕೆದಾರರ ಕ್ಲಿಕ್ಕುಗಳಿಂದಲೂ ಪ್ರಸ್ತುತತೆಯನ್ನು ಊಹಿಸಬಹುದಾದರೂ, ಮೇಲಿದ್ದುದನ್ನೇ ಒತ್ತುವುದು ಜನಸ್ವಭಾವವಾದುದರಿಂದ ಅವುಗಳನ್ನು ತಿದ್ದದೆ ನಂಬುವುದು ಯುಕ್ತವಲ್ಲ.