ಉಂಗುರದಿಂದ ಉಪಗ್ರಹಕ್ಕೆ

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣಕ್ಕೆ ಸಮೀಪದ ಸೂಳೆಕೆರೆಗೆ ಚಳಿಗಾಲದಲ್ಲಿ ಪರದೇಶದ ಹಕ್ಕಿಗಳು ಬರುವುದು ಹಳೆಯ ರೂಢಿ. ಅವು ಬಂದುದನ್ನು ಜನ ಕಂಡಿದ್ದರು. ಎಲ್ಲಿಂದ ಬಂದುವೆಂದು ಖಚಿತವಾಗಿ ಹೇಳಬಲ್ಲವರು ಮಾತ್ರ ಇರಲಿಲ್ಲ. ಇದು ಬರಿಯ ಕುತೂಹಲದ ಪ್ರಶ್ನೆಯೆಂದೇ ತೋರುವುದು ಸಹಜ. ಆದರೆ 1957ರಲ್ಲಿ ಇದೇ ಪ್ರಶ್ನೆ ಶಿವಮೊಗ್ಗ ಜಿಲ್ಲೆಯಲ್ಲಿ ಜೀವನ್ಮರಣದ ಪ್ರಶ್ನೆಯಾಯಿತು. ಚನ್ನಗಿರಿ, ಹೊನ್ನಾಳಿಗಳು ಆಗ ಆ ಜಿಲ್ಲೆಗೇ ಸೇರಿದ್ದುವು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ.

ಆ ವರ್ಷ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬೀಳತೊಡಗಿದುವು. ಸುತ್ತಲ ಹಳ್ಳಿಗಳಲ್ಲಿ ಕಾಡಿಗೆ ಹೋಗಿ ಬಂದವರು ಉಗ್ರವಾದ ಜ್ವರಕ್ಕೆ ತುತ್ತಾದರು, ಕೆಲವರು ಬದುಕಲಿಲ್ಲ. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಲಾಗಿ, ಇದು ಉಣ್ಣೆಗಳಿಂದ ಹರಡುವ ಹೊಸ ರೋಗವೆಂದು ಗೊತ್ತಾಯಿತು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಆಶ್ಚರ್ಯವೆಂದರೆ, ಇದರ ವೈರಸ್ಸು ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದಲೇ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧುವಾಗಿತ್ತು. ಸೈಬೀರಿಯ ಎಲ್ಲಿ, ಸೊರಬ ಎಲ್ಲಿ? ನಡುವೆ ಹಿಮಾಲಯವನ್ನು ದಾಟಬಲ್ಲವರು ಯಾರು? ಶಂಕೆ ಹಕ್ಕಿಗಳ ಮೇಲೆ ಬಿತ್ತು. ರೆಕ್ಕೆಯ ಸಂದಿನಲ್ಲಿ ಕಚ್ಚಿಕೊಂಡ ಉಣ್ಣೆಯನ್ನು ಅವೇ ಹೊತ್ತು ತಂದಿರಬಹುದಲ್ಲವೆ?

ಆಪಾದನೆ ಬಂದ ಮೇಲೆ ವಿಚಾರಣೆ ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1959ರಲ್ಲಿ ಹಕ್ಕಿಗಳ ವಲಸೆಯ ಅಧ್ಯಯನವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಮುಂದೆ ನಿಂತವರು ಡಾಕ್ಟರ್ ಸಲೀಂ ಅಲಿ. ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆ ಕೊರೆದ ಹಗುರವಾದ ಲೋಹದ ಉಂಗುರ ತೊಡಿಸಿ ಬಿಡುವುದೇ ವಿಧಾನ. 1899ರಲ್ಲಿ ಡೆನ್ಮಾರ್ಕಿನ ಉಪಾಧ್ಯಾಯ ಮಾರ್ಟೆನ್‌ಸೆನ್ ಇದನ್ನು ಶಾಸ್ತ್ರೀಯವಾಗಿ ಆರಂಭಿಸಿದ್ದರು. ಆದರೆ ಉಂಗುರದ ಹಕ್ಕಿ ಮತ್ತೆ ಯಾರದಾದರೂ ಕೈಗೆ ಸಿಕ್ಕಬೇಕು. ಸಿಕ್ಕಿದವರು ಕಾಗದ ಬರೆಯಬೇಕು. ಅದೂ ಹೇಳುವುದು ಎರಡೇ ಊರಿನ ಹೆಸರು. ನಡುವಣ ದಾರಿಯ ವಿಷಯದಲ್ಲಿ ಉಂಗುರ ಮೌನ.

ಆ ಮೌನವನ್ನು ಮುರಿದುದು ಉಪಗ್ರಹ. ಬಿಸಿಲಿನಿಂದ ಶಕ್ತಿ ಪಡೆಯುವ, ಕೆಲವೇ ಗ್ರಾಂ ತೂಕದ ಪ್ರೇಷಕವನ್ನು ಹಕ್ಕಿಯ ಬೆನ್ನಿಗೆ ಕಟ್ಟಿದರೆ, ಅದರ ಸಂಕೇತವನ್ನು ಉಪಗ್ರಹಗಳು ಹಿಡಿಯುತ್ತವೆ. 2011ರಲ್ಲಿ ಬ್ರಿಟನ್ನಿನ ಪಕ್ಷಿತಜ್ಞರು ಐದು ಕುಕ್ಕೂಗಳಿಗೆ ಹೀಗೆ ಕಟ್ಟಿದರು. ಇದು ನಮ್ಮ ಮಾವಿನ ತೋಪಿನ ಕರಿಯ ಕೋಗಿಲೆಯಲ್ಲ. ಅದರ ದಾಯಾದಿ, ಬೂದು ಬಣ್ಣದ ಹಕ್ಕಿ. ಅವು ಚಳಿಗಾಲವನ್ನು ಕಾಂಗೋ ನದಿಯ ಕಾಡುಗಳಲ್ಲಿ ಕಳೆಯುತ್ತವೆಂದು ಆಗ ತಿಳಿಯಿತು.

2019ರ ಬೇಸಗೆಯಲ್ಲಿ ಮಂಗೋಲಿಯದಲ್ಲಿಯೂ ಕುಕ್ಕೂಗಳಿಗೆ ಪ್ರೇಷಕ ತೊಡಿಸಿದರು. ಅವುಗಳಲ್ಲಿ ಒಂದಕ್ಕೆ ಅಲ್ಲಿಯ ನದಿಯ ಹೆಸರಾದ ‘ಓನಾನ್’ ಎಂದೇ ಹೆಸರು. ಅದು ಭಾರತವನ್ನು ಹಾದು, ಅರಬ್ಬೀ ಸಮುದ್ರವನ್ನು ದಾಟಿ, ಆಫ್ರಿಕದ ಜಾಂಬಿಯ ಸೇರಿತು. 2020ರ ವಸಂತದಲ್ಲಿ ಮತ್ತೆ ಕಡಲು ದಾಟಿ ಮಧ್ಯಪ್ರದೇಶದಲ್ಲಿಳಿದು, ಮೇ ತಿಂಗಳ ಕೊನೆಗೆ ಹುಟ್ಟುನೆಲ ಮುಟ್ಟಿತು. ಹೋಗಿಬಂದ ದಾರಿ ಸುಮಾರು 26,000 ಕಿಲೋಮೀಟರು. ಹಾದ ದೇಶಗಳು 16. ಕುಕ್ಕೂವಿನ ಮರಿ ಬೆಳೆಯುವುದು ಪರರ ಗೂಡಿನಲ್ಲಿ. ಹೆತ್ತವರ ಮುಖವನ್ನೇ ಅದು ಕಂಡಿರುವುದಿಲ್ಲ. ದಾರಿ ತೋರುವ ಹಿರಿಯರಿಲ್ಲದೆ, ಮೊದಲ ಪಯಣವನ್ನೂ ಅದು ತಾನಾಗಿಯೇ ಮಾಡುತ್ತದೆ.

ಇನ್ನು ಆ ಹಳೆಯ ಆಪಾದನೆ? ಮಂಗನ ಕಾಯಿಲೆಯನ್ನು ಹಕ್ಕಿಗಳು ಸೈಬೀರಿಯದಿಂದ ತಂದುವೆಂಬುದು ರುಜುವಾಗಲಿಲ್ಲ. ರೋಗದ ನೆಲೆ ಇಲ್ಲಿಯೇ, ನಮ್ಮ ಕಾಡಿನ ಉಣ್ಣೆಗಳಲ್ಲಿಯೇ ಇದೆ. ಮಲೆನಾಡನ್ನು ಅದು ಇಂದಿಗೂ ಬಿಟ್ಟಿಲ್ಲ. ದೂರದ ಅತಿಥಿಯ ಮೇಲೆ ದೋಷ ಹೊರಿಸುವುದು ಸುಲಭ. ಅದರ ಹಾದಿಯನ್ನು ಕೊನೆಯವರೆಗೆ ಹಿಂಬಾಲಿಸಿ ನೋಡುವುದು ಕಷ್ಟ. ಕ್ಯಾಸನೂರಿನ ದುಃಖದಿಂದ ನಮ್ಮ ದೇಶದಲ್ಲಿ ಆ ಕಷ್ಟದ ಕೆಲಸಕ್ಕೆ ಬಲ ಬಂದಿತೆಂಬುದು ನೆನಪಿನಲ್ಲಿಡತಕ್ಕ ಮಾತು.